ಸ್ಕೂಟರ್ ಕಲಿಸುವಾಗ ನಾವು ಬಿಟ್ಟುಬಿಡುವ ಪಾಠ

ನಮ್ಮ ಶಿವಮೊಗ್ಗದಲ್ಲಿ ಊರ ಅಂಚಿನ ಯಾವ ಹೊಸ ಲೇಔಟಿಗೆ ಸಂಜೆ ಹೊತ್ತು ಹೋದರೂ ಸ್ಕೂಟರ್ ಕಲಿಯುವವರು ಒಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಸೈಟುಗಳು ಮಾರಾಟವಾಗಿದ್ದರೂ ಮನೆಗಳು ಇನ್ನೂ ಏಳದ, ಟಾರು ಕಂಡ ಆ ಖಾಲಿ ರಸ್ತೆಗಳಲ್ಲೇ ಊರಿನ ಅರ್ಧ ಜನ ಗಾಡಿ ಕಲಿತಿದ್ದಾರೆ ಎಂದರೆ ತಪ್ಪಾಗಲಾರದು. ಕಲಿಯುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಕಲಿಸುವವರು ಅಪ್ಪ, ಅಣ್ಣ, ಗಂಡ, ಕೆಲವೊಮ್ಮೆ ಕಾಲೇಜು ಓದುವ ಮಗ. ಕಲಿಸುವವರು ಹಿಂದಿನ ಹಿಡಿಕೆ ಹಿಡಿದು ಗಾಡಿಯ ಜೊತೆಗೆ ಓಡುತ್ತಾರೆ, ಇಲ್ಲವೇ ಹಿಂದಿನ ಸೀಟಿನಲ್ಲಿ ಕುಳಿತು ಎರಡೂ ಕಡೆಯಿಂದ ಕೈ ಚಾಚಿ ಹ್ಯಾಂಡಲ್ ಹಿಡಿದಿರುತ್ತಾರೆ. ‘ಎಕ್ಸಲೇಟರ್ ಕೊಡು, ಇನ್ನೂ ಸ್ವಲ್ಪ ಕೊಡು, ಕಾಲು ಮೇಲೆ ತಗೋ, ಹೆದರಬೇಡ’ ಎಂಬ ಮಾತುಗಳು ದೂರಕ್ಕೂ ಕೇಳಿಸುತ್ತವೆ. ಗಾಡಿ ಆಚೀಚೆ ವಾಲದೆ ರಸ್ತೆಯ ತುದಿಯವರೆಗೆ ಹೋಯಿತೆಂದರೆ ಕಲಿಕೆ ಮುಗಿಯಿತೆಂದೇ ಲೆಕ್ಕ. ನಿಲ್ಲಿಸುವ ವಿಷಯಕ್ಕೆ ಸಿಗುವುದು ಒಂದೇ ವಾಕ್ಯ: ‘ನಿಲ್ಲಿಸಬೇಕಾದರೆ ಬ್ರೇಕ್ ಹಿಡಿ.’

ಈ ಒಂದು ವಾಕ್ಯ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಯಾವ ಬ್ರೇಕು, ಯಾವಾಗ, ಎಷ್ಟು ಒತ್ತಬೇಕು, ಒತ್ತುವಾಗ ಬಲಗೈ ಏನು ಮಾಡುತ್ತಿರಬೇಕು, ಕಣ್ಣು ಎಲ್ಲಿರಬೇಕು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳದಿರುವುದಕ್ಕೆ ಅಸಡ್ಡೆ ಕಾರಣವಲ್ಲ. ಕಲಿಸುವವರಿಗೆ ಅದು ಎಷ್ಟೋ ವರ್ಷಗಳ ಹಿಂದೆಯೇ ಕೈಗೆ ಹತ್ತಿದ ಕೆಲಸ. ಅದರಲ್ಲಿ ಕಲಿಯುವಂಥದ್ದು ಇದೆಯೆಂಬುದೇ ಅವರ ನೆನಪಿನಿಂದ ಮರೆಯಾಗಿರುತ್ತದೆ. ಹೊಸಬರು ಬಿದ್ದ ಸುದ್ದಿಗಳನ್ನು ಮಾತ್ರ ಕಿವಿಗೊಟ್ಟು ಕೇಳಿದರೆ ಒಂದು ಸಂಗತಿ ಮತ್ತೆ ಮತ್ತೆ ಬರುತ್ತದೆ. ಅವರಲ್ಲಿ ಬಹುಪಾಲು ಜನ ಗಾಡಿ ಓಡಿಸಲು ಬಾರದೆ ಬಿದ್ದವರಲ್ಲ, ಓಡುತ್ತಿದ್ದ ಗಾಡಿಯನ್ನು ನಿಲ್ಲಿಸಲು ಬಾರದೆ ಬಿದ್ದವರು. ಗೇಟಿಗೆ ಗುದ್ದಿದವರು, ಚರಂಡಿಗೆ ಇಳಿದವರು, ನಿಂತಿದ್ದ ಕಾರಿನ ಹಿಂಬದಿಗೆ ಹೋಗಿ ತಾಗಿದವರು ಎಲ್ಲರೂ ಈ ಸಾಲಿನವರೇ.

ಗೇರ್ ಹೋದಾಗ ಜೊತೆಗೆ ಹೋದದ್ದು

ಗೇರ್ ಇಲ್ಲದ ಸ್ಕೂಟರ್ ನಮ್ಮ ದೇಶದ ಹೆಣ್ಣುಮಕ್ಕಳಿಗೆ ಮಾಡಿದ ಉಪಕಾರವನ್ನು ನಾನು ಸಣ್ಣದೆಂದು ಎಣಿಸುವವಳಲ್ಲ. 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಬಂದು ಗುಂಡಿ ಒತ್ತಿದರೆ ಹೊರಡುವ ಗಾಡಿಯನ್ನು ತೋರಿಸಿತು. ಅನಂತರ ಸ್ಕೂಟಿ, 2000ದ ಆಸುಪಾಸಿನಲ್ಲಿ ಆಕ್ಟಿವಾ ಬಂದ ಮೇಲೆ ಊರೂರಿನ ಶಿಕ್ಷಕಿಯರು, ನರ್ಸುಗಳು, ಬ್ಯಾಂಕಿನ ನೌಕರರು ಬೇರೆಯವರ ಹಿಂದಿನ ಸೀಟಿನಿಂದ ಇಳಿದು ಮುಂದಿನ ಸೀಟಿಗೆ ಬಂದರು. ಆದರೆ ಗೇರ್ ಮತ್ತು ಕ್ಲಚ್ ಹೋದಾಗ, ಕಲಿಯುವವರನ್ನು ಕಾಯುತ್ತಿದ್ದ ಒಂದು ವ್ಯವಸ್ಥೆಯೂ ಅವುಗಳ ಜೊತೆಗೇ ಹೋಯಿತು. ಹಳೆಯ ಬಜಾಜ್ ಚೇತಕ್ ಕಲಿತವರಿಗೆ ಇದು ಗೊತ್ತು. ಕ್ಲಚ್ ಬಿಡುವುದರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಗಾಡಿ ಒಮ್ಮೆ ಜಗ್ಗಿ ಬಂದ್ ಬೀಳುತ್ತಿತ್ತು. ಗಾಬರಿಯಾಗಿ ಎಡಗೈ ಬಿಗಿಹಿಡಿದರೆ ಕ್ಲಚ್ ಒತ್ತಿದಂತಾಗಿ ಎಂಜಿನ್ನಿನ ಬಲ ಚಕ್ರಕ್ಕೆ ತಲುಪುವುದೇ ನಿಲ್ಲುತ್ತಿತ್ತು. ಹೊಸಬರ ತಪ್ಪು ಬಹುತೇಕ ಗಾಡಿಯನ್ನು ನಿಲ್ಲಿಸುವ ಕಡೆಗೇ ವಾಲುತ್ತಿತ್ತು.

ಈಗಿನ ಸ್ಕೂಟರಿನಲ್ಲಿ ತಪ್ಪು ವಾಲುವುದು ಗಾಡಿ ಮುನ್ನುಗ್ಗುವ ಕಡೆಗೆ. ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ನಡುವೆ ಒಂದು ಬೆಲ್ಟು ಮತ್ತು ವೇಗ ಹೆಚ್ಚಿದಾಗ ತಾನೇ ಹಿಡಿದುಕೊಳ್ಳುವ ಕ್ಲಚ್ ಇರುತ್ತವೆ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಆ ಕ್ಲಚ್ಚಿನ ತುಂಡುಗಳು ಒಳಗೇ ಮುದುರಿಕೊಂಡಿರುತ್ತವೆ, ಗಾಡಿ ಇದ್ದಲ್ಲೇ ಇರುತ್ತದೆ. ಎಕ್ಸಲೇಟರ್ ತಿರುವಿದಾಗ ಅವು ಹೊರಕ್ಕೆ ಹರಡಿ ಸುತ್ತಲಿನ ಬಟ್ಟಲನ್ನು ಅಪ್ಪುತ್ತವೆ, ಗಾಡಿ ಹೊರಡುತ್ತದೆ. ಈ ಹಿಡಿಯುವಿಕೆ ಬಿಗಿಯಾಗುವ ಮೊದಲು ಒಂದು ಕ್ಷಣದ ಅಂತರವಿದೆ. ಹೊಸಬರು ಎಕ್ಸಲೇಟರ್ ತಿರುವುತ್ತಾರೆ, ಶಬ್ದ ಏರುತ್ತದೆ, ಗಾಡಿ ಹೊರಡುವುದಿಲ್ಲ. ಸಾಲದೆಂದು ಇನ್ನಷ್ಟು ತಿರುವುತ್ತಾರೆ, ಅಷ್ಟರಲ್ಲಿ ಎರಡೂ ಸೇರಿ ಗಾಡಿ ಒಮ್ಮೆಲೇ ಚಿಮ್ಮುತ್ತದೆ. ಚಿಮ್ಮಿದಾಗ ಮೈ ಹಿಂದಕ್ಕೆ ವಾಲುತ್ತದೆ. ಬೀಳದಂತೆ ಕೈ ಹ್ಯಾಂಡಲನ್ನು ಬಿಗಿಹಿಡಿಯುತ್ತದೆ. ಹಿಂದಕ್ಕೆ ಹೋದ ಮೈ ಬಲ ಮಣಿಕಟ್ಟನ್ನು ಕೆಳಗೆ ಎಳೆಯುತ್ತದೆ. ಮಣಿಕಟ್ಟು ಕೆಳಗಾದಷ್ಟೂ ಎಕ್ಸಲೇಟರ್ ಇನ್ನೂ ತೆರೆಯುತ್ತದೆ. ಮುಂದಿನ ಚಕ್ರದ ಬ್ರೇಕೂ ಅದೇ ಬಲಗೈಯಲ್ಲಿದೆ. ಒಂದೇ ಕೈ ಒಂದೇ ಕ್ಷಣದಲ್ಲಿ ಗಾಡಿಯನ್ನು ಓಡಿಸುತ್ತಲೂ ನಿಲ್ಲಿಸುತ್ತಲೂ ಇರುತ್ತದೆ. ‘ಬ್ರೇಕ್ ಹಿಡಿದೆ, ಆದರೂ ಗಾಡಿ ಹೋಗುತ್ತಲೇ ಇತ್ತು’ ಎಂದು ಬಿದ್ದವರು ಹೇಳಿದಾಗ ಸುತ್ತಲಿನವರು ನಗುತ್ತಾರೆ. ಅವರು ಹೇಳುವುದು ನಿಜ, ನಗುವಂಥದ್ದು ಅದರಲ್ಲಿ ಏನೂ ಇಲ್ಲ.

ಹಾಗಾಗಿ ಸ್ಕೂಟರ್ ಕಲಿಕೆಯ ಮೊದಲ ಪಾಠ ಬ್ರೇಕಿನದ್ದಾಗಿರಬೇಕು, ಎಕ್ಸಲೇಟರ್ ಅನಂತರದ್ದು. ಕಲಿಯುವವರು ತಮ್ಮ ಕೈಯನ್ನು ನಂಬಿ ನಿಲ್ಲಿಸಬಲ್ಲರೆಂದಾದ ಮೇಲೆ ಓಡಿಸುವುದು ತಾನಾಗಿ ಬರುತ್ತದೆ. ಮೊದಲು ಓಡಿಸಲು ಕಲಿತವರಿಗೆ ನಿಲ್ಲಿಸುವುದು ತಾನಾಗಿ ಬರುವುದಿಲ್ಲ.

ಎಂಜಿನ್ ಬಂದ್ ಮಾಡಿ ಕಲಿತ ಗಾಡಿ

ನನ್ನ ಅತ್ತಿಗೆ ಸವಳಂಗ ರಸ್ತೆಯ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಾದದ್ದು ಅವರಿಗೆ ದೊಡ್ಡ ಅನುಕೂಲವೇ ಆಯಿತು. ಆದರೆ ಅಂಗನವಾಡಿಯ ಬಾಗಿಲು ತೆರೆಯುವ ಹೊತ್ತಿಗೆ ಆ ಹಳ್ಳಿಯ ಒಳದಾರಿಗೆ ಯಾವ ಬಸ್ಸೂ ಬರುವುದಿಲ್ಲ. ಮುಖ್ಯರಸ್ತೆಯಲ್ಲಿ ಇಳಿದು ಮಳೆಗಾಲದಲ್ಲೂ ಬಿಸಿಲಿನಲ್ಲೂ ನಡೆಯಬೇಕು. ನಲವತ್ತು ದಾಟಿದ ಮೇಲೆ ಅವರು ಸ್ಕೂಟರ್ ಕಲಿಯುವ ಮನಸ್ಸು ಮಾಡಿದರು. ಚಿಕ್ಕಂದಿನಲ್ಲಿ ಸೈಕಲ್ ಹತ್ತಿದವರಲ್ಲ. ‘ಓಡ್ಸದು ಆಮೇಲೆ ನೋಡಾಣ, ಮೊದ್ಲು ನಿಲ್ಸಕ್ಕೆ ಹೇಳ್ಕೊಡು ನಂಗೆ’ ಎಂದು ಅವರೇ ನನ್ನ ಬಳಿ ಕೇಳಿದ್ದು. ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದ್ದದ್ದನ್ನು ಅವರ ಭಯ ಒಂದೇ ಮಾತಿನಲ್ಲಿ ಹೇಳಿತ್ತು.

ಸೈಕಲ್ ಬಾರದವರಿಗೆ ಎರಡು ಕೆಲಸಗಳು ಒಟ್ಟಿಗೆ ಬಂದು ಮೇಲೆ ಬೀಳುತ್ತವೆ. ತೂಕ ಸರಿದೂಗಿಸುವುದೂ ಹೊಸದು, ಎಂಜಿನ್ನನ್ನು ಹದದಲ್ಲಿಡುವುದೂ ಹೊಸದು. ಇವೆರಡನ್ನೂ ಬೇರೆ ಮಾಡುವುದು ಸ್ಕೂಟರಿನಲ್ಲಿ ಸುಲಭ. ಎಂಜಿನ್ ಬಂದ್ ಇರುವಾಗ ಆ ಕ್ಲಚ್ ಬಿಟ್ಟೇ ಇರುವುದರಿಂದ ಗಾಡಿ ಹಗುರವಾಗಿ ಉರುಳುತ್ತದೆ. ಲೇಔಟಿನ ಒಂದು ಕಡೆ ರಸ್ತೆ ತೀರ ಸಣ್ಣ ಇಳಿಜಾರಾಗಿ ಇಳಿದು ಮುಂದೆ ಸಮವಾಗುತ್ತಿತ್ತು. ಅಲ್ಲಿ ಗಾಡಿಯನ್ನು ತಂದು, ಹ್ಯಾಂಡಲ್ ಲಾಕ್ ತೆಗೆದು, ಕೀಲಿಯನ್ನು ಆಫ್‌ನಲ್ಲೇ ಇಟ್ಟು, ಅತ್ತಿಗೆಯನ್ನು ಕೂರಿಸಿದೆ. ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವೆಯೇ ಎಂದು ಮೊದಲು ನೋಡಿದೆವು. ನೂರು ಕಿಲೋಗಿಂತ ಸ್ವಲ್ಪ ಹೆಚ್ಚೇ ತೂಗುವ ಗಾಡಿಯನ್ನು ಬರಿಯ ಬೆರಳ ತುದಿಯಲ್ಲಿ ನಿಂತು ಹಿಡಿಯುವುದು ಹೊಸಬರಿಂದ ಆಗದ ಮಾತು. ಅಂಗಡಿಯಲ್ಲಿ ಬಣ್ಣಕ್ಕಿಂತ ಮೊದಲು ಕೂತು ನೋಡಬೇಕಾದದ್ದು ಇದನ್ನೇ.

ಅನಂತರ ಮಾಡಿದ್ದು ಇಷ್ಟೇ. ಬ್ರೇಕ್ ಬಿಟ್ಟರೆ ಗಾಡಿ ನಿಧಾನವಾಗಿ ಉರುಳುತ್ತದೆ. ಎರಡು ಮಾರು ಹೋದ ಮೇಲೆ ಎಡಗೈಯ ಬ್ರೇಕನ್ನು ಮೆಲ್ಲಗೆ ಒತ್ತಿ ನಿಲ್ಲಿಸಬೇಕು. ಗಾಡಿ ನಿಂತ ಮೇಲೆಯೇ ಎಡಗಾಲು ಊರಬೇಕು. ಮೊದಮೊದಲು ಅವರ ಎರಡೂ ಕಾಲು ರಸ್ತೆಯನ್ನು ಉಜ್ಜುತ್ತಲೇ ಇದ್ದವು. ನಿಲ್ಲಿಸುವ ಕೆಲಸವನ್ನು ಕಾಲಿಗೆ ಒಪ್ಪಿಸುವುದು ಹೊಸಬರ ಸಹಜ ಬುದ್ಧಿ, ಕಾಲು ಮುರಿಯುವುದೂ ಬಹುಮಟ್ಟಿಗೆ ಅದರಿಂದಲೇ. ‘ಅತ್ತಿಗೆ, ನೀವು ಕೈಯಿಂದ ನಿಲ್ಲಿಸಿ, ಕಾಲು ಆಮೇಲೆ’ ಎಂದು ನಾನು ಪಕ್ಕದಲ್ಲೇ ನಡೆಯುತ್ತ ಹೇಳುತ್ತಿದ್ದೆ. ಸದ್ದಿಲ್ಲದ ಗಾಡಿಯಾದ್ದರಿಂದ ನನ್ನ ಮಾತು ಅವರಿಗೆ ಕೇಳಿಸುತ್ತಿತ್ತು, ಕೂಗುವ ಅಗತ್ಯವೇ ಬರಲಿಲ್ಲ. ಕಲಿಯುವವರ ಕೈಕಾಲು ಸೆಟೆಯುವುದರಲ್ಲಿ ಕಲಿಸುವವರ ಗಂಟಲಿನ ಪಾಲೂ ಇದೆ ಎಂದು ನನಗೆ ಆಗ ಮನವರಿಕೆಯಾಯಿತು. ಕ್ರಮೇಣ ಅವರ ಪಾದಗಳು ಮೇಲೆ ಬಂದು ಫುಟ್‌ಬೋರ್ಡಿನ ಮೇಲೆ ಕುಳಿತವು. ಇಳಿಜಾರು ಮುಗಿಯುವವರೆಗೆ ಉರುಳಿ, ನಾನು ಹಾಕಿದ ಸುಣ್ಣದ ಗೆರೆಯ ಹತ್ತಿರ ಮುಂದಿನ ಚಕ್ರ ನಿಲ್ಲಿಸಿದಾಗ ಅವರು ಹಿಂತಿರುಗಿ ನನ್ನನ್ನು ನೋಡಲಿಲ್ಲ. ಗೆರೆಯನ್ನೇ ನೋಡುತ್ತ ‘ಒಂದು ಗೇಣು ದಾಟ್ತು, ಇನ್ನೊಂದ್ಸಲ’ ಎಂದರು.

ಈ ಅಭ್ಯಾಸದಲ್ಲೇ ಬ್ರೇಕಿನ ಸೂಕ್ಷ್ಮವೂ ತಿಳಿಯುತ್ತದೆ. ಹ್ಯಾಂಡಲ್ ತಿರುಗಿರುವಾಗ, ಗಾಡಿ ತೀರ ನಿಧಾನವಿರುವಾಗ, ಬಲಗೈಯ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದರೆ ಗಾಡಿ ಆ ಕಡೆಗೇ ಮಗುಚುತ್ತದೆ. ಅದಕ್ಕೆ ತಿರುವಿನಲ್ಲಿ, ಮನೆಯ ಗೇಟಿನಲ್ಲಿ, ಪಾರ್ಕಿಂಗಿನಲ್ಲಿ ಎಡಗೈ ಬ್ರೇಕೇ ಸಾಕು. ನೇರ ರಸ್ತೆಯಲ್ಲಿ ವೇಗ ಇರುವಾಗಿನ ಮಾತು ಬೇರೆ. ಬ್ರೇಕ್ ಹಿಡಿದೊಡನೆ ತೂಕವೆಲ್ಲ ಮುಂದಕ್ಕೆ ಸರಿಯುವುದರಿಂದ ಗಾಡಿಯನ್ನು ನಿಜವಾಗಿ ತಡೆಯುವುದು ಮುಂದಿನ ಚಕ್ರ. ‘ಮುಂದಿನ ಬ್ರೇಕ್ ಮುಟ್ಟಲೇಬೇಡ, ಪಲ್ಟಿ ಹೊಡೀತೀಯ’ ಎಂಬ ಉಪದೇಶ ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಬೇರು ಬಿಟ್ಟಿದೆಯೆಂದರೆ, ಹತ್ತು ವರ್ಷ ಗಾಡಿ ಓಡಿಸಿದವರೂ ಬಲಗೈಯ ಲಿವರನ್ನು ಉಪಯೋಗಿಸುವುದಿಲ್ಲ. ಎರಡನ್ನೂ ಒಟ್ಟಿಗೆ, ಮೊದಲು ಹಗುರವಾಗಿ, ಆಮೇಲೆ ಬಲವಾಗಿ ಒತ್ತಬೇಕು. ಒಮ್ಮೆಲೇ ಜಪ್ಪಿ ಹಿಡಿಯಬಾರದು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಕಾಂಬಿ ಬ್ರೇಕ್ (ಒಂದು ಲಿವರ್ ಒತ್ತಿದರೆ ಎರಡೂ ಚಕ್ರಗಳಿಗೆ ಬ್ರೇಕ್ ಹಂಚುವ ವ್ಯವಸ್ಥೆ) ಅಥವಾ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ ಮಾಡಿದ್ದರಿಂದ ಈಗಿನ ಹೆಚ್ಚಿನ ಸ್ಕೂಟರುಗಳಲ್ಲಿ ಎಡಗೈಯ ಲಿವರ್ ಒತ್ತಿದರೂ ಮುಂದಿನ ಚಕ್ರಕ್ಕೆ ಸ್ವಲ್ಪ ಬ್ರೇಕ್ ಹೋಗುತ್ತದೆ. ಅದು ನೆರವಾಗುತ್ತದೆ, ಬಲಗೈಯ ಕೆಲಸವನ್ನು ಪೂರ್ತಿ ಮಾಡಿಕೊಡುವುದಿಲ್ಲ. ಮನೆಯಲ್ಲಿರುವ ಹಳೆಯ ಗಾಡಿಯಲ್ಲಿ ಕಲಿಯುವವರಿಗಂತೂ ಅಷ್ಟೂ ಸಿಗುವುದಿಲ್ಲ.

ಎಂಜಿನ್ ಚಾಲೂ ಮಾಡುವ ದಿನ ಬಂದಾಗ ಅತ್ತಿಗೆಗೆ ಮತ್ತೊಂದು ತೋರಿಸಿದೆ. ಹೆಚ್ಚಿನ ಸ್ಕೂಟರುಗಳಲ್ಲಿ ಬ್ರೇಕ್ ಲಿವರ್ ಹಿಡಿಯದೆ ಸೆಲ್ಫ್ ಬಟನ್ ಒತ್ತಿದರೆ ಎಂಜಿನ್ ಏಳುವುದಿಲ್ಲ. ತಯಾರಿಸಿದವರು ಈ ಪಾಠವನ್ನು ಗಾಡಿಯೊಳಗೇ ಇಟ್ಟಿದ್ದಾರೆ. ನಾವು ಅದನ್ನು ಚಾಲೂ ಮಾಡುವ ಒಂದು ವಿಧಾನವೆಂದಷ್ಟೇ ತಿಳಿದುಕೊಂಡಿದ್ದೇವೆ. ಎಡಗೈ ಬ್ರೇಕ್ ಹಿಡಿದೇ ಇರಬೇಕು, ಬಲ ಮಣಿಕಟ್ಟು ಸಮವಾಗಿರಬೇಕು, ಮೊಣಕೈ ಸಡಿಲವಾಗಿರಬೇಕು, ಎಕ್ಸಲೇಟರ್ ತಿರುವುವುದು ಕೂದಲೆಳೆಯಷ್ಟು. ಗಾಡಿ ಮುಂದಕ್ಕೆ ತುಯ್ಯುತ್ತಿದೆ ಎನಿಸಿದಾಗ ಬ್ರೇಕ್ ಮೆಲ್ಲಗೆ ಬಿಡಬೇಕು. ಎಕ್ಸಲೇಟರನ್ನು ಪೂರ್ತಿ ಬಿಟ್ಟ ಮೇಲೆಯೇ ಬಲಗೈ ಬೆರಳುಗಳು ಲಿವರಿಗೆ ಹೋಗಬೇಕೆಂಬ ಕ್ರಮವನ್ನು ಗಾಡಿ ನಿಂತಿರುವಾಗಲೇ, ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಬಂದ್ ಮಾಡಿ, ಕೈಗೆ ಹತ್ತುವವರೆಗೆ ಮಾಡಿದೆವು. ನಾನು ಹಿಂದಿನ ಸೀಟಿನಲ್ಲಿ ಕೂತು ಹ್ಯಾಂಡಲ್ ಹಿಡಿಯಲೇ ಇಲ್ಲ. ಒಂದೇ ಹ್ಯಾಂಡಲಿಗೆ ಇಬ್ಬರ ಕೈ ಬಿದ್ದರೆ ಗಾಡಿ ಯಾರ ಮಾತು ಕೇಳಿತೆಂದು ಇಬ್ಬರಿಗೂ ಗೊತ್ತಾಗುವುದಿಲ್ಲ, ಬ್ರೇಕ್ ಹಿಡಿದದ್ದು ತಾನೇ ಎಂದು ಕಲಿಯುವವರು ತಪ್ಪು ತಿಳಿಯುತ್ತಾರೆ.

ಬ್ಯಾಟರಿ ಸ್ಕೂಟರಿನಲ್ಲಿ ಕಲಿಯುವವರು ಈಗ ಹೆಚ್ಚಾಗುತ್ತಿದ್ದಾರೆ, ಅವರಿಗಾಗಿ ಒಂದು ಮಾತು. ಆ ಗಾಡಿಯಲ್ಲಿ ಎಂಜಿನ್ ಸದ್ದೇ ಇಲ್ಲ. ಚಾಲೂ ಇದೆಯೆಂಬುದು ಮರೆತುಹೋಗುತ್ತದೆ. ಪಕ್ಕದಲ್ಲಿ ನಿಂತು ಗಾಡಿ ತಳ್ಳುವಾಗ, ಹಿಡಿಕೆಗಾಗಿ ಬಲಗೈ ಊರಿದಾಗ, ಗಾಡಿ ಒಂಟಿಯಾಗಿ ಹೊರಟುಬಿಡುತ್ತದೆ. ಇಳಿಯುವ ಮೊದಲು ಕೀಲಿ ತೆಗೆಯುವ ಅಭ್ಯಾಸ ಅವರಿಗೆ ಮೊದಲ ದಿನವೇ ಬರಬೇಕು.

ಸೆರಗು, ತುರುಬು, ಹೆಲ್ಮೆಟ್

ಕಲಿಯುವ ಮೈದಾನದಲ್ಲಿ ಹೆಲ್ಮೆಟ್ ಕಾಣುವುದು ಅಪರೂಪ. ‘ಇಲ್ಲೇ ತಾನೆ, ಇನ್ನೂ ರಸ್ತೆಗೆ ಇಳಿದಿಲ್ಲವಲ್ಲ’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಬೀಳುವ ಸಂಭವ ಅತಿ ಹೆಚ್ಚಿರುವ ದಿನಗಳಲ್ಲೇ ತಲೆ ಬರಿದಾಗಿರುತ್ತದೆ ಎಂಬುದು ನನಗೆ ನೋಡಲಾಗದ ಸಂಗತಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡವರು 1,68,491 ಮಂದಿ. ಅವರಲ್ಲಿ ಶೇಕಡಾ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರ ಸಂಖ್ಯೆ ಅದೇ ವರ್ಷ 50,029. ಅದರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಹಿಂದೆ ಕುಳಿತವರು. ಹೆಲ್ಮೆಟ್ ತಲೆಯ ಪೆಟ್ಟಿನ ಅಪಾಯವನ್ನು ಸುಮಾರು ಶೇಕಡಾ 69ರಷ್ಟು, ಸಾವಿನ ಅಪಾಯವನ್ನು ಸುಮಾರು ಶೇಕಡಾ 42ರಷ್ಟು ಕಡಿಮೆ ಮಾಡುತ್ತದೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವೈದ್ಯಕೀಯ ವಿಮರ್ಶೆಯೊಂದು 2008ರಲ್ಲೇ ಹೇಳಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಹೆಲ್ಮೆಟ್ಟಿಗೆ ಅಡ್ಡ ಬರುವುದು ಅನೇಕ ಸಲ ತುರುಬು. ಅತ್ತಿಗೆ ಕೆಲಸಕ್ಕೆ ಹೋಗುವಾಗ ತುರುಬು ಕಟ್ಟಿ ಹೂವು ಮುಡಿಯುವವರು. ತುರುಬಿನ ಮೇಲೆ ಹೆಲ್ಮೆಟ್ ಇಟ್ಟರೆ ಅದು ಹಣೆಯ ಮೇಲೆ ಎತ್ತಿ ನಿಲ್ಲುತ್ತದೆ, ಪಟ್ಟಿ ಗದ್ದಕ್ಕೆ ಸರಿಯಾಗಿ ಕೂರುವುದಿಲ್ಲ, ಬಿದ್ದಾಗ ತಲೆಯಿಂದ ಕಳಚಿಹೋಗುತ್ತದೆ. ಕೆಳಗೆ ಸಡಿಲವಾದ ಜಡೆ ಹಾಕಿಕೊಂಡು, ಹೂವನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಅಲ್ಲಿ ಮುಡಿಯುವುದೆಂದು ಅವರೇ ದಾರಿ ಕಂಡುಕೊಂಡರು. ಹಗುರವೆಂಬ ಕಾರಣಕ್ಕೆ ಅರ್ಧ ಹೆಲ್ಮೆಟ್ ಕೊಳ್ಳುವವರು ಅದು ಗದ್ದವನ್ನೂ ಕಿವಿಯ ಭಾಗವನ್ನೂ ಕಾಯುವುದಿಲ್ಲವೆಂಬುದನ್ನು ನೆನಪಿಡಬೇಕು. ಐಎಸ್‌ಐ ಗುರುತಿನ ಜೊತೆಗೆ ಐಎಸ್ 4151 ಎಂಬ ಸಂಖ್ಯೆ ಇದೆಯೇ ಎಂದು ನೋಡಿ ಕೊಳ್ಳಬೇಕು. ಪಟ್ಟಿ ಹಾಕದ ಹೆಲ್ಮೆಟ್ ತಲೆಯ ಮೇಲಿದ್ದರೂ ಇಲ್ಲದ ಹಾಗೆಯೇ.

ಸೀರೆಯ ಸೆರಗು ಮತ್ತು ದುಪಟ್ಟಾದ ವಿಷಯದಲ್ಲಿ ನಾವು ಇನ್ನೂ ಹೆಚ್ಚು ಕಟ್ಟುನಿಟ್ಟಾಗಿರಬೇಕು. ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದಂತೆ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಕಾವಲು ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಸೀರೆ ಗಾರ್ಡ್ ಎಂದು ನಾವು ಕರೆಯುವುದು ಅದನ್ನೇ. ಆದರೆ ಅದು ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತವರ ಬಟ್ಟೆಯನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಗಾಡಿ ಓಡಿಸುವವರ ಕುತ್ತಿಗೆಗೆ ಸುತ್ತಿದ ದುಪಟ್ಟಾ ಗಾಳಿಗೆ ಹಾರಿ ಚಕ್ರಕ್ಕೆ ಸಿಕ್ಕರೆ ಅದು ಕುತ್ತಿಗೆಯನ್ನೇ ಎಳೆಯುತ್ತದೆ. ಸೆರಗನ್ನು ಮುಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಿ, ಭುಜದಲ್ಲಿ ಪಿನ್ ಹಾಕಿ, ಗಾಡಿ ಹತ್ತಿದ ಮೇಲೆ ಒಮ್ಮೆ ಎರಡೂ ಬದಿ ಬಗ್ಗಿ ನೋಡುವುದಕ್ಕೆ ಅರ್ಧ ನಿಮಿಷವೂ ಬೇಡ. ನೆರಿಗೆ ಸ್ವಲ್ಪ ಎತ್ತಿ ಉಟ್ಟರೆ ನಿಲ್ಲಿಸುವಾಗ ಕಾಲು ಅಗಲವಾಗಿ ಊರಲು ಬರುತ್ತದೆ. ಸೀರೆಯ ಅಂಚು ಪಾದಕ್ಕೆ ತೊಡರಿ ನಿಂತ ಗಾಡಿಯೊಂದಿಗೇ ವಾಲಿ ಬಿದ್ದವರು ಕಡಿಮೆಯೇನಿಲ್ಲ.

ಎಂಟು ಹಾಕಿದ ಮೇಲೆ

ಕಲಿಯುವವರ ಲೈಸೆನ್ಸ್, ಅಂದರೆ ಎಲ್‌ಎಲ್‌ಆರ್, ಸಿಕ್ಕಿದರೆ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಮೂವತ್ತು ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಬಿಳಿಯ ಮೇಲೆ ಕೆಂಪು ಎಲ್ ಅಕ್ಷರದ ಬೋರ್ಡನ್ನು ಅಷ್ಟು ದಿನವೂ ಹಿಂದೆ ಮುಂದೆ ಹಾಕಿಕೊಂಡಿರಬೇಕು. ನಾಚಿಕೆಯಿಂದ ಅದನ್ನು ಕಿತ್ತುಹಾಕುವವರಿದ್ದಾರೆ. ಹಿಂದಿನಿಂದ ಬರುವ ಆಟೋದವರು ಸ್ವಲ್ಪ ಜಾಗ ಬಿಡುವುದು ಆ ಬೋರ್ಡು ನೋಡಿಯೇ. ಪರೀಕ್ಷೆಯ ಬಗ್ಗೆ ನಮ್ಮ ಜನರಿಗೆ ಇರುವ ಚಿಂತೆಯೆಲ್ಲ ‘ಎಂಟು ಹಾಕುವುದು’. ಕಾಲು ಊರದೆ ಎಂಟರ ಆಕಾರದಲ್ಲಿ ಸುತ್ತುವುದಕ್ಕೆ ವಾರಗಟ್ಟಲೆ ಅಭ್ಯಾಸ ಮಾಡುತ್ತಾರೆ. ನಿಧಾನ ವೇಗದ ಹಿಡಿತಕ್ಕೆ ಅದು ಒಳ್ಳೆಯ ಪರೀಕ್ಷೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದೇ ಕೇಂದ್ರ ನಿಯಮಗಳ 15ನೆಯ ನಿಯಮ, ತುರ್ತಿನಲ್ಲಿ ವಾಹನ ನಿಲ್ಲಿಸಲು ಬರುತ್ತದೆಂದೂ ಪರೀಕ್ಷೆಗೆ ಬಂದವರು ತೋರಿಸಬೇಕೆಂದು ಹೇಳುತ್ತದೆ. ಮನೆಯ ಅಭ್ಯಾಸದಲ್ಲಿ ಆ ಭಾಗಕ್ಕೆ ಎಂಟಕ್ಕೆ ಕೊಟ್ಟಷ್ಟು ಹೊತ್ತನ್ನು ಯಾರೂ ಕೊಡುವುದಿಲ್ಲ.

ಕೊಡಬೇಕಾದ ಕಾರಣ ಲೆಕ್ಕದಲ್ಲೇ ಇದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ಎದುರಿಗೆ ನಾಯಿ ಬಂದದ್ದು ಕಣ್ಣಿಗೆ ಬಿದ್ದು, ಬೆರಳು ಲಿವರ್ ತಲುಪುವ ಹೊತ್ತಿಗೇ ಆ ಎಂಟು ಮೀಟರ್ ಮುಗಿದಿರುತ್ತದೆ. ಬ್ರೇಕಿನ ಕೆಲಸ ಆರಂಭವಾಗುವುದು ಅನಂತರ. ವೇಗ 20ರಿಂದ 40ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಇಮ್ಮಡಿಯಲ್ಲ, ಸುಮಾರು ನಾಲ್ಕು ಪಟ್ಟಾಗುತ್ತದೆ. ಅತ್ತಿಗೆಗೆ ಈ ಅಂಕಿಗಳನ್ನು ಹೇಳಿದ್ದಕ್ಕಿಂತ ಸುಣ್ಣದ ಗೆರೆ ಎಳೆದು ತೋರಿಸಿದ್ದು ಹೆಚ್ಚು ಕೆಲಸಕ್ಕೆ ಬಂತು. ಒಂದು ಗೆರೆಯಲ್ಲಿ ಬ್ರೇಕ್ ಹಿಡಿಯಲು ಆರಂಭಿಸಬೇಕು, ಗಾಡಿ ನಿಂತಲ್ಲಿ ಇನ್ನೊಂದು ಗುರುತು ಹಾಕಬೇಕು. ಸ್ಪೀಡೋಮೀಟರಿನ ಮುಳ್ಳು ಇಪ್ಪತ್ತರಲ್ಲಿದ್ದಾಗಿನ ಗುರುತಿಗೂ ಮೂವತ್ತೈದರಲ್ಲಿದ್ದಾಗಿನ ಗುರುತಿಗೂ ನಡುವಿನ ಅಂತರವನ್ನು ಅವರು ಕಾಲಿನಿಂದ ಅಳೆದು ನೋಡಿದರು. ಆಮೇಲೆ ಮುಂದಿನ ವಾಹನದಿಂದ ಎಷ್ಟು ದೂರ ಇರಬೇಕೆಂದು ನಾನು ಹೇಳಬೇಕಾಗಿ ಬರಲಿಲ್ಲ.

ವಿನೋಬನಗರದ 100 ಅಡಿ ರಸ್ತೆಗೆ ಅವರು ಮೊದಲು ಇಳಿದದ್ದು ಭಾನುವಾರ ಬೆಳಗ್ಗೆ, ಅಂಗಡಿಗಳು ತೆರೆಯುವ ಮೊದಲು. ನಾನು ಇನ್ನೊಂದು ಗಾಡಿಯಲ್ಲಿ ಹಿಂದೆಯೇ ಇದ್ದೆ. ಅಲ್ಲಿ ಗಮನಕ್ಕೆ ಬಂದದ್ದು ಹಾರ್ನಿನ ಸಂಗತಿ. ಅಡ್ಡ ಬಂದ ಹಸುವನ್ನು ನೋಡಿದೊಡನೆ ಅವರ ಎಡ ಹೆಬ್ಬೆರಳು ಹಾರ್ನಿಗೆ ಹೋಯಿತು, ಎಡಗೈಯ ಉಳಿದ ಬೆರಳುಗಳು ಬ್ರೇಕಿಗೆ ಹೋಗಲಿಲ್ಲ. ಹಸುವೇ ದಾಟಿಕೊಂಡಿತು. ನಮ್ಮ ರಸ್ತೆಗಳಲ್ಲಿ ಹಾರ್ನ್ ಹೊಡೆದರೆ ಎದುರಿನವರು ಸರಿಯುತ್ತಾರೆಂಬ ನಂಬಿಕೆ ಎಲ್ಲರಿಗೂ ಇದೆ, ಕಲಿಯುವವರಿಗೆ ಅದು ಬ್ರೇಕಿನ ಬದಲಿಗೆ ಬಂದು ಕೂರುತ್ತದೆ. ಮೊದಲು ಬ್ರೇಕ್, ಬೇಕಾದರೆ ಹಾರ್ನ್ ಎಂದು ಮಾಡಿಕೊಂಡೆವು. ಎರಡನೆಯದು ಕಣ್ಣಿನ ವಿಷಯ. ಗುಂಡಿಯನ್ನು ತಪ್ಪಿಸಬೇಕೆಂದು ಗುಂಡಿಯನ್ನೇ ನೋಡುತ್ತಿದ್ದರೆ ಗಾಡಿ ಗುಂಡಿಗೇ ಹೋಗುತ್ತದೆ. ಹೋಗಬೇಕಾದ ಜಾಗವನ್ನು ನೋಡಬೇಕು. ಸ್ಕೂಟರಿನ ಚಕ್ರಗಳು ಬೈಕಿನ ಚಕ್ರಗಳಿಗಿಂತ ಚಿಕ್ಕವಾದ್ದರಿಂದ ಬೈಕು ಹಾಯ್ದುಹೋಗುವ ಗುಂಡಿಯಲ್ಲಿ ಸ್ಕೂಟರು ಇಳಿದು ಸಿಕ್ಕಿಕೊಳ್ಳುತ್ತದೆ.

ನಮ್ಮ ಕಡೆಯ ರಸ್ತೆಗಳಲ್ಲಿ ನಿಲ್ಲಿಸುವ ಪಾಠವನ್ನು ಕೆಡಿಸುವ ಎರಡು ಕಾಲಗಳಿವೆ. ಒಂದು, ಬೇಸಿಗೆ ಕಳೆದು ಬೀಳುವ ಮೊದಲ ಮಳೆ. ತಿಂಗಳುಗಟ್ಟಲೆ ರಸ್ತೆಗೆ ಸೋರಿದ ಎಣ್ಣೆ, ಧೂಳು ಎಲ್ಲ ಮೇಲೆದ್ದು ಜಾರುತ್ತದೆ. ಜಡಿಮಳೆ ಬಿದ್ದು ತೊಳೆದುಹೋದ ರಸ್ತೆಗಿಂತ ಆ ಮೊದಲ ಹನಿಗಳ ರಸ್ತೆ ಹೆಚ್ಚು ಅಪಾಯದ್ದು. ಇನ್ನೊಂದು, ಸುಗ್ಗಿಯ ಕಾಲ. ಕಣ ಮಾಡುವವರು ಕಡಿಮೆಯಾದ ಮೇಲೆ ಹುರುಳಿ, ರಾಗಿಯನ್ನು ರಸ್ತೆಯ ಮೇಲೆ ಹರಡಿ ಹೋಗಿಬರುವ ವಾಹನಗಳಿಂದಲೇ ಒಕ್ಕಣೆ ಮಾಡಿಸುವುದು ಬಯಲುಸೀಮೆಯ ಕಡೆ ಎಲ್ಲರೂ ಕಂಡದ್ದೇ. ರೈತರ ಕಷ್ಟ ನನಗೆ ಅರ್ಥವಾಗದ್ದಲ್ಲ, ಆದರೆ ಒಣಹುಲ್ಲಿನ ಆ ಪದರದ ಮೇಲೆ ಟಯರಿಗೆ ನೆಲವೇ ಸಿಗುವುದಿಲ್ಲ. ಬ್ರೇಕ್ ಹಿಡಿದರೆ ಗಾಡಿ ಕೂಡಲೇ ಜಾರುತ್ತದೆ. ಹೊಸಬರು ಅದರ ಮೇಲೆ ಹತ್ತುವ ಮೊದಲೇ ವೇಗ ಪೂರ್ತಿ ಇಳಿಸಿ, ಬ್ರೇಕನ್ನೂ ಹ್ಯಾಂಡಲನ್ನೂ ಅಲುಗಿಸದೆ ನೇರ ದಾಟಬೇಕು, ಸಾಧ್ಯವಾದರೆ ಇಳಿದು ತಳ್ಳಿಕೊಂಡು ಹೋಗಬೇಕು. ಆಗುಂಬೆಯಂಥ ಘಾಟಿಯ ಇಳಿಜಾರನ್ನಂತೂ ಮೊದಲ ವರ್ಷ ಸ್ಕೂಟರಿನಲ್ಲಿ ಇಳಿಯದಿರುವುದೇ ಒಳ್ಳೆಯದು. ಗೇರ್ ಗಾಡಿಗೆ ಸಿಗುವಷ್ಟು ಎಂಜಿನ್ನಿನ ತಡೆ ಇಲ್ಲಿ ಸಿಗದು, ಇಡೀ ಭಾರ ಬ್ರೇಕಿನ ಮೇಲೆಯೇ ಬೀಳುತ್ತದೆ, ಬಿಸಿಯಾದ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ.

ಹಿಂದೆ ಕೂರುವವರು

ಗಾಡಿ ಬಂದ ಸುದ್ದಿ ತಿಳಿದೊಡನೆ ಹಿಂದೆ ಕೂರಲು ಜನ ಸಿದ್ಧರಾಗಿರುತ್ತಾರೆ. ಮಗಳನ್ನು ಟ್ಯೂಷನ್ನಿಗೆ ಬಿಡಬೇಕು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಅಂಗನವಾಡಿಯ ಸಹಾಯಕಿಯನ್ನು ದಾರಿಯಲ್ಲಿ ಹತ್ತಿಸಿಕೊಳ್ಳಬೇಕು. ಇಲ್ಲ ಎನ್ನುವುದು ಹೊಸಬರಿಗೆ, ಅದರಲ್ಲೂ ಸೊಸೆಯಾದವರಿಗೆ, ಸುಲಭವಲ್ಲ. ಹಿಂದೆ ಒಬ್ಬರು ಕುಳಿತರೆ ಗಾಡಿಯ ತೂಕ ಅರ್ಧಕ್ಕರ್ಧ ಹೆಚ್ಚುತ್ತದೆ, ಆ ತೂಕ ಎತ್ತರದಲ್ಲಿ ಹಿಂಬದಿಗೆ ಇರುತ್ತದೆ, ಒಂದೇ ಬದಿಗೆ ಕಾಲು ಹಾಕಿ ಕುಳಿತರೆ ಒಂದೇ ಕಡೆಗೆ ಎಳೆಯುತ್ತದೆ. ಒಬ್ಬರೇ ಇದ್ದಾಗ ಗೆರೆಯ ಮೇಲೆ ನಿಲ್ಲುತ್ತಿದ್ದ ಚಕ್ರ ಈಗ ಗೆರೆ ದಾಟುತ್ತದೆ. ನಿಂತ ಗಾಡಿಯನ್ನು ಕಾಲಿನಿಂದ ಹಿಡಿಯುವ ಬಲವೂ ಹೆಚ್ಚು ಬೇಕು.

ಅತ್ತಿಗೆ ಮನೆಯವರ ಮುಂದೆ ಸ್ಪಷ್ಟವಾಗಿಯೇ ಹೇಳಿದರು: ‘ಡಿಎಲ್ ಬಂದ್ರೂ ಈಗ್ಲೇ ಯಾರ್ನೂ ಕೂರ್ಸಲ್ಲ, ಅದೂ ಬೇರೆಯಾಗೇ ಕಲೀಬೇಕು.’ ಅವರ ಮಾತಿಗೆ ಮನೆಯಲ್ಲಿ ಸ್ವಲ್ಪ ಗೊಣಗಾಟವಾಯಿತು, ಅವರು ಬದಲಿಸಲಿಲ್ಲ. ಲೈಸೆನ್ಸ್ ಕೈಗೆ ಬಂದ ಮೇಲೆ ನಾವಿಬ್ಬರೂ ಅದೇ ಲೇಔಟಿಗೆ ಹೋದೆವು. ನಾನು ಹೆಲ್ಮೆಟ್ ಹಾಕಿ, ಎರಡೂ ಬದಿ ಕಾಲು ಹಾಕಿ ಹಿಂದೆ ಕುಳಿತೆ, ಕೈಗಳನ್ನು ಹಿಂದಿನ ಹಿಡಿಕೆಯಲ್ಲಿಟ್ಟೆ. ಗೆರೆ ಎಳೆದು ಹತ್ತರಿಂದ ಆರಂಭಿಸಿ, ಹದಿನೈದು, ಇಪ್ಪತ್ತು ಎಂದು ವೇಗ ಏರಿಸುತ್ತ ಮತ್ತೆ ನಿಲ್ಲಿಸುವ ಅಭ್ಯಾಸ ಮಾಡಿದೆವು. ಮಗಳನ್ನು ಮೊದಲು ಕೂರಿಸಿಕೊಂಡದ್ದು ಅದಾದ ಮೇಲೆ, ಅದೂ ಮನೆಯಿಂದ ಟ್ಯೂಷನ್ನಿನವರೆಗಿನ ಒಳರಸ್ತೆಯಲ್ಲಿ ಮಾತ್ರ. ಕತ್ತಲಾದ ಮೇಲೆ ಅವರು ಇನ್ನೂ ಗಾಡಿ ತೆಗೆದಿಲ್ಲ. ಎದುರಿನಿಂದ ಹೈ ಬೀಮ್ ಬಿದ್ದಾಗ ಎಷ್ಟು ದೂರ ಕಾಣುತ್ತದೋ ಅಷ್ಟರೊಳಗೆ ನಿಲ್ಲಲು ಬರಬೇಕು. ಅದರ ಅಭ್ಯಾಸವನ್ನು ಈ ಮಳೆಗಾಲ ಮುಗಿದ ಮೇಲೆ ಆರಂಭಿಸುವುದೆಂದು ಮಾತಾಗಿದೆ.